ಮಗ್ಗದ ಕಾಲಿಗೆ ಎರಡೇ ಏಟು

ನಗುವವರು ನಗಲಿ. ಇದು ನಮ್ಮ ಇಳಕಲ್ಲಿನ ಓಣಿಯಲ್ಲೇ, ಪಕ್ಕದ ಮನೆಯ ಮಲ್ಲುವಿಗೆ ಆದದ್ದು.

ರಾತ್ರಿ ಹುನಗುಂದದಿಂದ ಬರುವ ಕೊನೆಯ ಬಸ್ಸಿಳಿದು ಹಳೆಯ ಬಾವಿ ದಾಟಿ ಬರುತ್ತಿದ್ದ. ಬಾವಿಯೊಳಗೆ... ಬುಳುಕ್. ಮೀನಿರಬೇಕು ಅಂದುಕೊಂಡ. ಮುಂದೆ ಬಂದವನು ನಿಂತು ಕಿವಿಗೊಟ್ಟ. ಮನೆಯ ಪವರ್‌ಲೂಮಿನ ಖಟ್-ಖಟಾ-ಖಟ್ ಕೇಳುತ್ತಿಲ್ಲ!

ಓಡಿದ. ಹೆಂಡತಿ ಪ್ರೀತಿ ಮಗ್ಗದ ಮುಂದೆ ಕಣ್ಣೀರು ಹಾಕುತ್ತಿದ್ದಳು.

"ನಿಂತೈತ್ರಿ..." ಪಿಸುಗುಟ್ಟಿದಳು.

ಬೆಳಗಾದರೆ ಅವಳ ತಂಗಿಯ ಮದುವೆ. ಮಗ್ಗದ ಮೇಲಿದ್ದದ್ದು ಮದುಮಗಳ ಸೀರೆ, ಸೆರಗು ಅರ್ಧ ಬಾಕಿ. ಯಾವ ಎಳೆ ಏಳಬೇಕೆಂದು ಹೇಳುವುದು ಮಗ್ಗದ ಕಂಪ್ಯೂಟರು. ಅದಕ್ಕೆ ಡಿಸೈನು ಸಾಲುಸಾಲಾಗಿ ಮನೆಯೊಳಗಿನ ಇನ್ನೊಂದು ಕಂಪ್ಯೂಟರಿನಿಂದ ಬರಬೇಕು. ನಡುವೆ ನೆಟ್‌ವರ್ಕ್ ಒಮ್ಮೆ ಹೋಗಿ ಬಂದಿತ್ತು. ಕಳೆದುಹೋದ ಸಾಲಿಗಾಗಿ ಮಗ್ಗದ ಪ್ರೋಗ್ರಾಂ ಇನ್ನೂ ಕಾಯುತ್ತಲೇ ಇತ್ತು.

"ಬಂದ್ ಮಾಡಿ ಚಾಲೂ ಮಾಡ್ಲೇನ್ರಿ?"

"ಬ್ಯಾಡ! ಎಲ್ಲಿದ್ದೆ ಅನ್ನೋದ ಮರೀತೈತಿ, ಸೆರಗು ಕೆಡತೈತಿ. ಹೊರಗಿಂದ ಇನ್ನೊಂದು ಪ್ರೋಗ್ರಾಂ ಇದನ್ನ ತಟ್ಟಿ ಎಬ್ಬಸಬೇಕು. ಎದ್ದರ ಆ ಸಾಲು ಮತ್ತ ಕೇಳತೈತಿ."

ಈ ಉಪಾಯ ಅವನಿಗೆ ಹೊಳೆದದ್ದು ಅವ್ವನಿಂದ. ಕೈಮಗ್ಗದಲ್ಲಿ ಅಪ್ಪ ತೂಕಡಿಸಿದರೆ ರತ್ನವ್ವ ನೂಲು ಹಾಯಿಸುವ ಕಟ್ಟಿಗೆಯ ಲಾಳಿಯಿಂದ ಮಗ್ಗದ ಕಾಲಿಗೆ ಎರಡೇ ಏಟು ಬಡಿಯುತ್ತಿದ್ದಳು. ಮಲ್ಲು ಆ ಕೈಮಗ್ಗ ಮಾರಿದ ದಿನ ಅವಳು ಲಾಳಿಯನ್ನು ಅದೇ ಹಳೆಯ ಬಾವಿಗೆ ಎಸೆದಳು. ಸಾಯುವ ತನಕ ಮಗನ ಜೊತೆ ಮಾತಾಡಲಿಲ್ಲ. ಆ ಸಂಕಟ ಅವನನ್ನು ತಿನ್ನುತ್ತಲೇ ಇತ್ತು.

ಮಲ್ಲು ಕೂತು, ತಟ್ಟಿ ಎಬ್ಬಿಸುವ ಕಮಾಂಡ್ ಬರೆದ. ಒಂದಕ್ಷರ ತಪ್ಪಿದರೂ ಪ್ರೋಗ್ರಾಂ ಸತ್ತೇಹೋಗುತ್ತದೆ. ಬರೆದದ್ದನ್ನು ಮತ್ತೊಮ್ಮೆ ಓದಿದ. ಇನ್ನೂ ಕೀಲಿ ಒತ್ತಿರಲಿಲ್ಲ...

ಟಕ್... ಟಕ್.

ಮಗ್ಗದ ಹಿಂದಿನಿಂದ. ಕಬ್ಬಿಣಕ್ಕೆ ಕಟ್ಟಿಗೆ ಬಡಿದ ಸಪ್ಪಳ.

"ನೀವು ಒತ್ತಿದ್ರೇನ್ರಿ?"

"ಇಲ್ಲ..."

ಪರದೆಯ ಮೇಲೆ ಮೂಡಿತು: ಹೊರಗಿನಿಂದ ತಟ್ಟಿ ಎಬ್ಬಿಸಲಾಗಿದೆ. ತಟ್ಟಿದ ಪ್ರೋಗ್ರಾಮಿನ ನಂಬರು ಇರಬೇಕಾದ ಜಾಗ ಖಾಲಿ. ಖಟ್-ಖಟಾ-ಖಟ್... ಮಗ್ಗ ಓಡತೊಡಗಿತು. ಹಿಂದೆ ಹೋಗಿ ನೋಡುವ ಧೈರ್ಯ ಇಬ್ಬರಿಗೂ ಬರಲಿಲ್ಲ.

ಮದುಮಗಳು ಆ ಸೀರೆಯನ್ನೇ ಉಟ್ಟಳು. ಸೆರಗಿನಲ್ಲಿ ಒಂದೆಳೆಯೂ ತಪ್ಪಿರಲಿಲ್ಲ, ನಾನೇ ಮುಟ್ಟಿ ನೋಡಿದ್ದೇನೆ.

ಮದುವೆಯ ದಿನ ನಸುಕಿನಲ್ಲಿ ಕಸ ಗುಡಿಸುವಾಗ ಪ್ರೀತಿಗೆ ಮಗ್ಗದ ಹಿಂದೆ ಲಾಳಿಯೊಂದು ಸಿಕ್ಕಿತು. ಪಾಚಿ ಹಿಡಿದಿತ್ತು, ಇನ್ನೂ ನೀರು ತೊಟ್ಟಿಕ್ಕುತ್ತಿತ್ತು. ಮಲ್ಲು ಅದನ್ನು ಎದೆಗೊತ್ತಿಕೊಂಡು "ಅವ್ವಾ" ಎಂದು ಬಿಕ್ಕಿಬಿಕ್ಕಿ ಅತ್ತ.

ಸುಳ್ಳೆನ್ನುವವರು ಹೋಗಿ ಅವನ ಅಂಗಿ ನೋಡಿಬನ್ನಿ. ಎದೆಯ ಮೇಲಿನ ಹಸಿರು ಕಲೆ ಎಷ್ಟು ಒಗೆದರೂ ಹೋಗಿಲ್ಲ.