ಎರಡನೇ ಸಹಿ

"ಹಲೋ… ಯಾರು ಮಾತಾಡೋದು ಅಂತ ನನ್ನನ್ನೇ ಕೇಳ್ತಿದೀಯಲ್ಲೇ, ಕಲಾ? … ಹಾಂ, ವಿಮಲಾನೇ ಕಣೇ. ತಾಂಬರಂ ವಿಮಲಾ. ಇನ್ನು ಮನೆ ನಂಬರೂ ಹೇಳ್ಬೇಕಾ?"

ಹತ್ತೊಂಬತ್ತು ವರ್ಷದ ಸ್ನೇಹದಲ್ಲಿ ಕಲಾವತಿ ಹಾಗೆ ಕೇಳಿದ್ದು ಅದೇ ಮೊದಲು. ವಿಮಲಾ ಈ ಕಡೆಯಿಂದ ಬರೀ ಗಂಟಲು ಸರಿಮಾಡಿಕೊಂಡರೂ ಸಾಕು, ಮತ್ತೆ ನೆಗಡಿ ಹಿಡಿಸಿಕೊಂಡೆಯಾ ಎಂದು ಬೈಯುತ್ತಿದ್ದವಳು ಅವಳು. ವಿಮಲಾ ಫೋನಿನ ಪಕ್ಕದ ಸ್ಟೂಲನ್ನು ಕಾಲಿನಿಂದಲೇ ಎಳೆದುಕೊಂಡು ಕೂತಳು. ಹನ್ನೆರಡು ದಿನದಿಂದ ಅವಳಿಗೆ ಡ್ಯೂಟಿ ಕೊಟ್ಟಿರಲಿಲ್ಲ. ಆದರೂ ಇವತ್ತು ಆಸ್ಪತ್ರೆಗೆ ಕರೆಸಿದ್ದಾರೆಂದು ನರ್ಸಿನ ಬಿಳಿ ಸೀರೆ ಉಟ್ಟೇ ಹೋಗಿದ್ದಳು, ಬಂದ ಮೇಲೆ ಅದನ್ನು ಬದಲಾಯಿಸುವುದೂ ನೆನಪಾಗಿರಲಿಲ್ಲ.

"… ಇಲ್ಲ, ಊಟ ಇನ್ನೂ ಇಲ್ಲ. ಈಗಿನ್ನೂ ಏಳು ಗಂಟೆ. … ಕೃತಿನಾ? ಒಳಗೆ ಓದ್ಕೋತಿದಾಳೆ. ನಾನು ಕನ್ನಡದಲ್ಲಿ ಬೈತೀನಿ, ಅವಳು ತಮಿಳಲ್ಲಿ ಜವಾಬು ಕೊಡ್ತಾಳೆ, ಅದೇ ಹಳೇ ಕಥೆ. … ಅವರು ವರ್ಕ್‌ಶಾಪಿಂದ ಇನ್ನೂ ಬಂದಿಲ್ಲ."

ಕಲಾವತಿ ಮನೆಮಂದಿಯನ್ನೆಲ್ಲ ಒಬ್ಬೊಬ್ಬರಾಗಿ ವಿಚಾರಿಸಿಕೊಂಡಳು. ವಿಚಾರಿಸಬೇಕಾದ ಒಂದನ್ನು ಬಿಟ್ಟು. ಕೊನೆಗೆ ವಿಮಲಾಳೇ ಆ ಮಾತಿಗೆ ಬಂದಳು.

"ಬದರಿನಾಥ್ ಅವರನ್ನ ಇವತ್ತು ಮನೆಗೆ ಕಳಿಸಿದ್ರಂತೆ, ಅಲ್ವಾ? … ಚೆನ್ನಾಗಿದಾರಾ? … ನಡೀತಾರಾ? … ನನ್ನ ಕೇಳಿದ್ರಾ. … ನೀನೇನಂದೆ? … ರಜದ ಮೇಲೆ ಹೋಗಿದಾಳೆ ಅಂದ್ಯಾ."

ಬದರಿನಾಥರು ವಿಮಾ ಕಚೇರಿಯಿಂದ ನಿವೃತ್ತರಾದವರು, ಮೈಸೂರಿನ ಕಡೆಯವರು, ಸಕ್ಕರೆ ಕಾಯಿಲೆಯವರು. ಮದ್ರಾಸಿನ ಆ ವಾರ್ಡಿಗೆ ಬಂದ ಮೊದಲ ದಿನವೇ ಈ ಇಬ್ಬರು ನರ್ಸುಗಳು ಕನ್ನಡದಲ್ಲಿ ಜಗಳವಾಡುವುದನ್ನು ಕೇಳಿ, ತಮ್ಮ ಕಾಯಿಲೆ ಅರ್ಧ ಅಲ್ಲೇ ಇಳಿಯಿತೆಂದೂ ಉಳಿದರ್ಧಕ್ಕೆ ಮಾತ್ರ ಔಷಧಿ ಕೊಟ್ಟರೆ ಸಾಕೆಂದೂ ನಗಿಸಿದ್ದರು. ಎರಡು ಭಾನುವಾರಗಳ ಹಿಂದೆ, ಮಧ್ಯಾಹ್ನ, ಅವರ ಸಕ್ಕರೆ ವಿಪರೀತ ಏರಿತು. ಡಾಕ್ಟರ್ ಕಮಲಾಕರ ಬೆಸೆಂಟ್ ನಗರದ ಮನೆಯಲ್ಲಿದ್ದರು. ವಿಮಲಾ ಫೋನ್ ಮಾಡಿದಳು. ಇಪ್ಪತ್ತು ಯೂನಿಟ್ ಇನ್ಸುಲಿನ್ ಕೊಡಿ ಎಂದು ಅವರು ಹೇಳಿದರು.

ಫೋನಿನಲ್ಲಿ ಹೇಳಿದ ಔಷಧಿಗೆ ಆ ಆಸ್ಪತ್ರೆಯಲ್ಲಿ ಒಂದು ಕ್ರಮವಿತ್ತು. ಒಬ್ಬ ನರ್ಸ್ ಕೇಳಿಸಿಕೊಂಡು, ಬರೆದು, ಬರೆದದ್ದನ್ನು ಓದಿ ಹೇಳಬೇಕು. ಇನ್ನೊಬ್ಬಳು ರಿಸೀವರ್ ತೆಗೆದುಕೊಂಡು ಅದನ್ನೇ ಡಾಕ್ಟರ ಬಾಯಿಂದ ಮತ್ತೊಮ್ಮೆ ಕೇಳಬೇಕು. ಪುಸ್ತಕದಲ್ಲಿ ಇಬ್ಬರೂ ಸಹಿ ಹಾಕಬೇಕು. ಅವತ್ತು ಕಲಾವತಿ ರಿಸೀವರ್ ತೆಗೆದುಕೊಂಡಳು, ಕೇಳಿದಳು, "ಎಸ್ ಡಾಕ್ಟರ್, ಟ್ವೆಂಟಿ" ಎಂದಳು. ಅಷ್ಟರಲ್ಲಿ ಒಂಬತ್ತನೇ ಮಂಚದವರು ವಾಂತಿ ಮಾಡಿಕೊಂಡರು. ಸಹಿ ಆಮೇಲೆ ಹಾಕುತ್ತೇನೆಂದು ಹೇಳುತ್ತಲೇ ಆ ಕಡೆ ಓಡಿದಳು. ಅವರಿಬ್ಬರಿಗೆ ಅದೇನೂ ಹೊಸದಲ್ಲ. ಬೇರೆ ನರ್ಸುಗಳ ಜೊತೆಯಾದರೆ ವಿಮಲಾ ಸಹಿ ಬೀಳುವವರೆಗೆ ಔಷಧಿಯ ಬಾಟಲಿ ಮುಟ್ಟುತ್ತಿರಲಿಲ್ಲ. ಕಲಾವತಿಯ ಜೊತೆ ಮಾತ್ರ ಹಾಗಿಲ್ಲ. ಡ್ಯೂಟಿ ಮುಗಿಯುವ ಹೊತ್ತಿಗೆ ಟೀ ಲೋಟ ಪಕ್ಕಕ್ಕಿಟ್ಟುಕೊಂಡು ಆ ದಿನದ ಖಾಲಿ ಜಾಗಗಳನ್ನೆಲ್ಲ ಒಟ್ಟಿಗೆ ತುಂಬುವುದು ಅವರ ರೂಢಿ.

ಆ ಸಂಜೆ ಟೀ ಕುಡಿಯುವುದಾಗಲಿಲ್ಲ. ಬದರಿನಾಥರಿಗೆ ಸಕ್ಕರೆ ಪೂರಾ ಇಳಿದು, ಬೆವೆತು, ಮಾತು ತೊದಲಿ, ಪ್ರಜ್ಞೆ ತಪ್ಪಿತು. ಎರಡು ದಿನ ಐಸಿಯುನಲ್ಲಿಟ್ಟರು. ಅವರ ಮಗ ದೂರು ಕೊಟ್ಟ. ಸಕ್ಕರೆ ಇನ್ನೊಂದು ಸಲ ನೋಡಿ ತಿಳಿಸಿ ಎಂದಷ್ಟೇ ತಾನು ಹೇಳಿದ್ದು, ಇನ್ಸುಲಿನ್ ಮಾತೇ ಎತ್ತಿರಲಿಲ್ಲ ಎಂದುಬಿಟ್ಟರು ಕಮಲಾಕರ. ಪುಸ್ತಕ ತೆಗೆದು ನೋಡಿದರೆ ಅಲ್ಲಿದ್ದದ್ದು ಒಂದೇ ಸಹಿ.

"ಇವತ್ತು ಮಧ್ಯಾಹ್ನ ಮೇಡಂ ಕರೆಸಿದ್ರು. … ಹಾಂ, ಸೂಪರಿಂಟೆಂಡೆಂಟ್ ಮೇಡಮ್ಮೇ. ನೀನು ಬರ್ಕೊಟ್ಟಿದ್ದನ್ನ ತೋರಿಸಿದ್ರು. … ಯಾಕೆ, ತೋರಿಸ್ಬಾರ್ದಿತ್ತಾ? ನನಗೆ ಗೊತ್ತಾಗ್ಬಾರ್ದು ಅಂತ ಬರೆದದ್ದಾ ಅದು?"

"… ಇರು, ಇರು. ಜಗಳಕ್ಕೆ ಅಂತ ಮಾಡಿಲ್ಲ ಕಣೇ ಫೋನು. ಅವರೇ ಇಂಗ್ಲಿಷಲ್ಲಿ ಹೇಳಿ ಬರೆಸಿರ್ತಾರೆ, ಅಲ್ವಾ? ಹೀಗೆ ಬರಿ, ಇಲ್ಲಿ ಸಹಿ ಹಾಕು ಅಂದಿರ್ತಾರೆ. … ಅಲ್ವಾ, ಕಲಾ? … ಹೂಂ ಅಂತಾನಾದ್ರೂ ಅನ್ನು."

ಆಸ್ಪತ್ರೆಯಿರುವ ಕ್ರೋಂಪೇಟೆಯಿಂದ ರೈಲಿನಲ್ಲಿ ಬರುವಾಗ ನಿಂತುಕೊಂಡೇ ವಿಮಲಾ ಅದನ್ನು ತೀರ್ಮಾನಿಸಿದ್ದಳು. ಅಕ್ಷರವೇನೋ ಕಲಾವತಿಯದೇ. ಆ ದುಂಡಕ್ಷರದ ನೋಟ್ಸ್ ಓದಿಯೇ ಮೈಸೂರಿನಲ್ಲಿ ನರ್ಸಿಂಗ್ ಪರೀಕ್ಷೆಗಳನ್ನೆಲ್ಲ ಪಾಸು ಮಾಡಿದವಳು ವಿಮಲಾ. ಆದರೆ ಮಾತು ಯಾರದೋ ಆಗಿರಬೇಕು. "ಆ ಹೊತ್ತಿನಲ್ಲಿ ನಾನು ಫೋನಿನ ಬಳಿ ಇರಲೇ ಇಲ್ಲ" ಎಂಬ ಮಾತು ಕಲಾವತಿಯ ಬಾಯಲ್ಲಿ ಹುಟ್ಟುವಂಥದ್ದಲ್ಲ.

"ಜ್ಞಾಪಕ ಇದೆಯಾ ನಿನಗೆ, ಟ್ರೇನಿಂಗಿಗೆ ಸೇರಿದ ಮೊದಲ್ನೇ ದಿನ? ಯಾಕಮ್ಮಾ ನರ್ಸ್ ಆಗ್ಬೇಕು ಅಂತ ಟ್ಯೂಟರ್ ಒಬ್ಬೊಬ್ಬರನ್ನೇ ನಿಲ್ಲಿಸಿ ಕೇಳಿದ್ರಲ್ಲ. … ಹಾಂ, ಅದೇ."

ಅವತ್ತು ವಿಮಲಾ ತನ್ನ ತಂದೆಯ ಕಥೆ ಹೇಳಿದ್ದಳು. ತಂದೆ ಅಂದಾನಿ ಕ್ಷಯ ಹಿಡಿದು ನಾಲ್ಕು ತಿಂಗಳು ದೊಡ್ಡಾಸ್ಪತ್ರೆಯಲ್ಲಿ ಮಲಗಿದ್ದರು. ಡಾಕ್ಟರಿಂದ ಹಿಡಿದು ಕಸ ಗುಡಿಸುವವರವರೆಗೆ ಎಲ್ಲರಿಗೂ ಅವರು ಹದಿನೇಳನೇ ಮಂಚ. ಒಬ್ಬ ನರ್ಸಮ್ಮ ಮಾತ್ರ ದಿನಾ ಸಂಜೆ ಬಂದು, ಅಂದಾನಿಯವರೇ, ಗಂಜಿ ಕುಡಿದಿರಾ ಎಂದು ಕೇಳುತ್ತಿದ್ದಳು. ಆ ಒಂದು ಮಾತಿಗೆ ಅಪ್ಪ ದಿಂಬಿಗೆ ಒರಗಿ ಎದ್ದು ಕೂರುತ್ತಿದ್ದರು. ಮಂಚದ ಕಾಲ ಬಳಿ ಕೂತು ಅದನ್ನು ನೋಡಿದ ಹನ್ನೆರಡು ವರ್ಷದ ಹುಡುಗಿ, ದೊಡ್ಡವಳಾದ ಮೇಲೆ ಇವಳ ಹಾಗೆ ಆಗಬೇಕು ಎಂದುಕೊಂಡಳು. ಕ್ಲಾಸಿನಲ್ಲಿ ನಾಲ್ಕಾರು ಜನ ಕಣ್ಣೊರೆಸಿಕೊಂಡರು. ಅವಳ ಹಿಂದೆಯೇ ಎದ್ದ ಕಲಾವತಿ, ಹಾಸ್ಟೆಲಿನಲ್ಲಿ ಮೂರು ಹೊತ್ತೂ ಊಟ ಹಾಕುತ್ತಾರಂತೆ, ಅದಕ್ಕೇ ಬಂದೆ ಎಂದಳು. ಕಣ್ಣೊರೆಸಿಕೊಂಡವರೆಲ್ಲ ಬಿದ್ದು ಬಿದ್ದು ನಕ್ಕರು.

"ಅವತ್ತೇ ಅಂದ್ಕೊಂಡೆ, ಈ ಹುಡುಗಿ ಸುಳ್ಳು ಹೇಳೋಳಲ್ಲ ಅಂತ. … ನಗ್ತಿದೀಯಾ? … ಅಳ್ತಿದೀಯಾ? ಸರಿಯಾಗಿ ಕೇಳಿಸ್ತಿಲ್ಲ, ಗಾಡಿ ಹೋಗ್ತಿದೆ ಇಲ್ಲಿ."

ಕಿಟಕಿಯ ಹೊರಗೆ ಮದ್ರಾಸ್ ಬೀಚ್ ಸ್ಟೇಷನ್ನಿನ ಕಡೆ ಹೋಗುವ ಎಲೆಕ್ಟ್ರಿಕ್ ರೈಲು ತಾಂಬರಂ ಬಿಟ್ಟಿತ್ತು. ವಿಮಲಾ ಅದು ದಾಟುವವರೆಗೆ ಕಾದಳು. ಆ ಕಡೆಯಿಂದ ಕಲಾವತಿ ಆಗ ತುಸು ಉದ್ದಕ್ಕೆ ಮಾತಾಡಿದಳು. ಈ ಕಡೆ ಮುಖದಲ್ಲಿ ನೆನಪಿನ ನಗೆ ಇನ್ನೂ ಉಳಿದಿತ್ತು, ಮಾತು ಮುಂದುವರಿದ ಹಾಗೆ ಅದು ಹೋಯಿತು.

"… ಈ ಕೆಲಸದಿಂದ ಏನು ಸಿಕ್ತು ಅಂತ ನನ್ನ ಕೇಳಿದ್ರೆ? … ಹೌದು, ಕಾಲು ಊದಿದ್ದು ಸಿಕ್ತು. ರೋಗಿ ವಾಸಿಯಾದ್ರೆ ಡಾಕ್ಟರ ಕೈಗುಣ, ಕೆಟ್ಟರೆ ಸಿಸ್ಟರ ಕಣ್ಣಿಗೇನಾಗಿತ್ತು, ಅದೂ ಹೌದು. ನಾನೆಲ್ಲಿ ಇಲ್ಲ ಅಂದೆ? … ಆದ್ರೆ ಹೋದ ತಿಂಗಳು ಮಾರ್ಕೆಟ್ಟಲ್ಲಿ ಹೂವಿನವಳು ಓಡಿ ಬಂದು ಕೈ ಹಿಡ್ಕೊಂಡ್ಳಲ್ಲೇ, ನನ್ನ ಹೆರಿಗೆಗೆ ನೀವೇ ಸಿಸ್ಟರ್ ಇದ್ದದ್ದು ಅಂತ. ನಿನಗೂ ಒಂದು ಮೊಳ ಕೊಟ್ಟಳು. ಮುಡ್ಕೊಂಡಿಲ್ವಾ ನೀನು?"

ಇಷ್ಟು ಹೇಳಿ ವಿಮಲಾ ವೈರನ್ನು ಬೆರಳಿಗೆ ಸುತ್ತಿಕೊಂಡು, ಮತ್ತೆ ಬಿಚ್ಚಿದಳು. ಇನ್ನೊಂದು ಮಾತಿತ್ತು. ಅದನ್ನು ಕೇಳದೆಯೇ ಫೋನು ಇಟ್ಟುಬಿಡಬಹುದೆಂಬ ಆಸೆ ಇಷ್ಟು ಹೊತ್ತೂ ಇತ್ತು.

"ಒಂದು ಕೇಳ್ತೀನಿ. ಎಂಬತ್ತೊಂಬತ್ತರಲ್ಲಿ, ನಾನು ಮದ್ರಾಸಿಗೆ ಬಂದ ಹೊಸದು, ಎಂಟನೇ ಮಂಚದ ಇಂಜೆಕ್ಷನ್ ಹತ್ತನೇ ಮಂಚಕ್ಕೆ ಕೊಟ್ಟುಬಿಟ್ಟಿದ್ದೆ. … ಹಾಂ, ವಿಟಮಿನ್ದು. ಏನೂ ಆಗ್ಲಿಲ್ಲ. ಯಾರಿಗೂ ಗೊತ್ತಾಗ್ಲಿಲ್ಲ. ನಿನ್ನ ರೂಮಿಗೆ ಬಂದು, ಬಾಗಿಲು ಹಾಕ್ಕೊಂಡು ಅತ್ತಿದ್ದೆ. ನಿನಗೊಬ್ಬಳಿಗೇ ಹೇಳಿದ್ದು ಅದನ್ನ. ನಮ್ಮ ಯಜಮಾನರಿಗೂ ಗೊತ್ತಿಲ್ಲ. … ಇವತ್ತು ಮೇಡಂ ಕೇಳಿದ್ರು, ಇದು ನಿಮಗೆ ಮೊದಲ್ನೇ ಸಲ ಅಲ್ವಂತೆ, ಹೌದಾ ಅಂತ."

"… ಕಲಾ?"

"ಕಾಗದದಲ್ಲಿ ಅದು ಇರ್ಲಿಲ್ಲ. ಎರಡು ಸಲ ಓದಿದೆ. ಅಂದ್ರೆ ಬಾಯಲ್ಲಿ ಹೇಳಿದೀಯ. ಬರಿ ಅಂತ ಬಲವಂತ ಮಾಡಿರ್ಬಹುದು. ಇದನ್ನ ಹೇಳು ಅಂತ ಬಲವಂತ ಮಾಡೋಕೆ, ಇಂಥದ್ದೊಂದಿದೆ ಅಂತ ಯಾರಿಗೇ ಗೊತ್ತಿತ್ತು?"

ಲೈನು ಹೋಯಿತೇನೋ ಎಂದುಕೊಳ್ಳುವಷ್ಟರಲ್ಲಿ ರಿಸೀವರಿನೊಳಗೆ ರೈಲಿನ ಸದ್ದು ಕೇಳಿಸಿತು. ಆಗ ಕಿಟಕಿಯ ಹೊರಗೆ ಹೋದ ಗಾಡಿಯೇ ಈಗ ಕ್ರೋಂಪೇಟೆಯಲ್ಲಿ ಕಲಾವತಿಯ ಮನೆಯ ಹಿಂದೆ ಹಾಯುತ್ತಿತ್ತು. ಫೋನು ಇಟ್ಟಿಲ್ಲ ಹಾಗಾದರೆ. ಕಿವಿಗೆ ಹಿಡಿದುಕೊಂಡೇ ಇದ್ದಾಳೆ. ವಿಮಲಾಗೆ ಅಷ್ಟರಿಂದಲೇ ಒಂದಿಷ್ಟು ಧೈರ್ಯ ಬಂತು. ರೈಲು ಹೋದ ಮೇಲೆ ಆ ಕಡೆಯಿಂದ ಮಾತು ಬಂತು.

"… ಹೇಳು. … ಯಾವ ಸರ್ಟಿಫಿಕೇಟು? … ಲಂಡನ್ನಿನ ಕೆಲಸಕ್ಕಾ. … ಏಜೆಂಟ್ ಮೂಲಕ. … ಅನುಭವದ ಸರ್ಟಿಫಿಕೇಟಿಗೆ ಸಹಿ ಹಾಕೋರು ಕಮಲಾಕರ್ ಅವರೇನಾ? … ಹಾಂ. … ಹಾಂ. … ಯಾವಾಗಿಂದ ನಡೀತಿದೆ ಇದು?"

"… ಆರು ತಿಂಗಳಾ?"

"ಇಂಗ್ಲಿಷ್ ಕ್ಲಾಸು ಯಾವ ದಿನ? … ಮಂಗಳವಾರ. … ಮಂಗಳವಾರ ಹರಕೆ ಇದೆ, ದೇವಸ್ಥಾನಕ್ಕೆ ಹೋಗ್ಬೇಕು ಅಂತಿದ್ಯಲ್ಲೇ. ನಿನ್ನ ಡ್ಯೂಟಿ ನಾನು ಮಾಡ್ತಿದ್ದೆ. ಆರು ತಿಂಗಳು. ಪ್ರಸಾದ ತಂದ್ಕೊಡ್ತಿದ್ದೆ ನೀನು, ಅದನ್ನೆಲ್ಲಿಂದ ತರ್ತಿದ್ದೆ?"

ಕುಂಕುಮ, ಎರಡು ಚೂರು ಕಲ್ಲುಸಕ್ಕರೆ, ಮಡಿಸಿದ ಪೇಪರು. ಪ್ರತಿ ಬುಧವಾರ ಆ ಸಕ್ಕರೆಯನ್ನು ಕಣ್ಣಿಗೊತ್ತಿಕೊಂಡು ಬಾಯಿಗೆ ಹಾಕಿಕೊಂಡದ್ದು ನೆನಪಾಗಿ, ಈಗ ಬಾಯೆಲ್ಲ ಒಗರು ಒಗರಾಯಿತು. ಅವಳು ಸೆರಗಿನಿಂದ ತುಟಿ ಒರೆಸಿಕೊಂಡಳು.

"… ಹೋಗು ಕಣೇ, ಲಂಡನ್ನಿಗೆ ಹೋಗು. ಹೇಳಿದ್ರೆ ನಾನೇ ಕುಕ್ಕರು ಕಟ್ಟಿ ಕಳಿಸ್ತಿದ್ದೆ. ನಾಳೆ ಹತ್ತು ಗಂಟೆಗೆ ವಿಚಾರಣೇಲಿ ಒಂದೇ ಒಂದು ಮಾತು ಹೇಳಿ ಹೋಗು. ರಿಸೀವರ್ ತಗೊಂಡೆ, ಡಾಕ್ಟರ್ ಇಪ್ಪತ್ತು ಅಂದ್ರು, ನಾನೂ ಕೇಳಿಸ್ಕೊಂಡೆ ಅಂತ. ನನ್ನ ಹೊಗಳೋದೇನೂ ಬೇಡ. … ಇಲ್ಲಾಂದ್ರೆ ರಿಜಿಸ್ಟ್ರೇಷನ್ ರದ್ದು ಮಾಡಿ ಅಂತ ನರ್ಸಿಂಗ್ ಕೌನ್ಸಿಲಿಗೆ ಬರೀತಾರಂತೆ. ಆಮೇಲೆ ನಾನು ಯಾವ ಆಸ್ಪತ್ರೇಲೂ ಸೂಜಿ ಮುಟ್ಟೋ ಹಾಗಿಲ್ಲ. ನನಗೆ ಇನ್ನೇನು ಬರುತ್ತೆ ಹೇಳು."

"… ಅಳ್ಬೇಡ. … ನಿನ್ನ ತೋಳಿಗೆ ಮೊದಲ್ನೇ ಸೂಜಿ ಚುಚ್ಚಿದ್ದು ನಾನು, ನನಗೆ ನೀನು. ಅದರ ಮೇಲಾದ್ರೂ ಹೇಳು. ಹೇಳ್ತೀಯಾ? … ಹೇಳ್ತೀಯಾ, ಕಲಾ? … ಹಾಂ?"

"… ಕಾಲಿಂಗ್ ಬೆಲ್ಲಾ? ಯಾರು, ಏಜೆಂಟಾ? … ಪೇಪರ್ ತಗೊಂಡು ಹೋಗೋಕಾ? ಬಾಗಿಲು ತೆಗಿ ಹೋಗು, ನಾನು ಕಾಯ್ತೀನಿ. ಇಡಬೇಡ."

ರಿಸೀವರ್ ಮೇಜಿನ ಮೇಲೆ ಇಟ್ಟ ಸದ್ದು. ಚಪ್ಪಲಿ ಬಿಡುವ ಸದ್ದು. ಗಂಡಸಿನ ನಗು, ಕುರ್ಚಿ ಎಳೆದದ್ದು. ವಿಮಲಾ ಫೋನನ್ನು ಕಿವಿಗೆ ಇನ್ನಷ್ಟು ಒತ್ತಿಕೊಂಡಳು. ಮತ್ತೆ ಯಾರೋ ರಿಸೀವರ್ ಎತ್ತಿಕೊಂಡ ಹಾಗಾಯಿತು.

"ಹಾಂ, ಹೇಳು. … ಏನು? … ಯಾವ ನಂಬರ್ ಬೇಕು ಅಂದ್ರೆ ಏನರ್ಥ, ಕಲಾ? ನಾನು ಕಣೇ, ನಾನು. … ರಾಂಗ್ ನಂಬರಾ?"

ಲೈನು ಕಟ್ಟಾಯಿತು.

ವಿಮಲಾ ರಿಸೀವರನ್ನು ಅದರ ಜಾಗದಲ್ಲಿಟ್ಟು, ಫೋನಿನ ಮೇಲೆ ಹೊದಿಸುವ ಕಸೂತಿ ಬಟ್ಟೆಯನ್ನು ಸರಿಯಾಗಿ ಹೊದಿಸಿದಳು. ಒಳಗಿನಿಂದ ಕೃತಿ, ಅಮ್ಮಾ, ಪಾಟ್ಟಿ ವಂದಿರುಕ್ಕಾಂಗ ಎಂದು, ಅಜ್ಜಿ ಬಂದದ್ದನ್ನು ತಮಿಳಿನಲ್ಲೇ ಕೂಗಿ ಹೇಳಿದಳು. ಕೆಳಗಿನ ಮನೆಯ ಶಿವಲಿಂಗಮ್ಮ ಆಗಲೇ ಬಾಗಿಲಲ್ಲಿ ನಿಂತು, ಮೆಟ್ಟಿಲು ಹತ್ತಿದ ಏದುಸಿರು ಬಿಡುತ್ತಿದ್ದರು. ಕೊಳ್ಳೇಗಾಲದ ಕಡೆಯ ಮುದುಕಿ. ದಿನಾ ಸಂಜೆ ಊಟಕ್ಕೆ ಮುಂಚೆ ಇಲ್ಲಿಗೆ ಬಂದು ಇನ್ಸುಲಿನ್ ಚುಚ್ಚಿಸಿಕೊಂಡು ಹೋಗುತ್ತಾರೆ. ಅವರ ಬಾಟಲಿ ಇರುವುದೂ ವಿಮಲಾಳ ಫ್ರಿಜ್ಜಿನಲ್ಲೇ. ಯಾವ ದಿನ ಎಷ್ಟು ಯೂನಿಟ್ ಎಂದು ಗೋಡೆಯ ಕ್ಯಾಲೆಂಡರಿನಲ್ಲಿ ವಿಮಲಾ ಗುರುತು ಹಾಕಿಡುತ್ತಾಳೆ.

ಅವಳು ಕೈ ತೊಳೆದುಕೊಂಡಳು. ಬಾಟಲಿಯನ್ನು ಅಂಗೈಗಳ ನಡುವೆ ಉರುಳಿಸಿ, ಹದಿನಾರು ಯೂನಿಟ್ ಎಳೆದು, ಗುಳ್ಳೆ ತಟ್ಟಿ ಹೋಗಿಸಿ, ಬೆಳಕಿಗೆ ಎತ್ತಿ ಹಿಡಿದಳು. ಎತ್ತಿ ಹಿಡಿದವಳು, ವಾರ್ಡಿನಲ್ಲಿ ಕಲಾವತಿಗೆ ತೋರಿಸಲು ತಿರುಗುವ ಹಾಗೆ, ಎಡಗಡೆಗೆ ತಿರುಗಿದಳು. ಎಡಗಡೆ ಫ್ರಿಜ್ಜಿತ್ತು.

ಅವಳು ಸಿರಿಂಜನ್ನು ಮುದುಕಿಯ ಕಣ್ಣ ಮುಂದೆ ಹಿಡಿದಳು. ಒಳಗಿನ ಕರಿಯ ರಬ್ಬರಿನ ಅಂಚು ಯಾವ ಗೆರೆಗಿದೆ ನೋಡಿ ಹೇಳಲು ಕೇಳಿದಳು.

"ನಾನೇನ್ ನೋಡ್ಲವ್ವ. ನೀನ್ ನೋಡುದ್ರೆ ಸಾಲ್ದಾ?"

"ಸಾಲ್ದು ಅಜ್ಜಿ. ಇಬ್ಬರು ನೋಡ್ಬೇಕು."

ಶಿವಲಿಂಗಮ್ಮ ಸೊಂಟದ ಚೀಲದಿಂದ ಕನ್ನಡಕ ತೆಗೆದು ಹಾಕಿಕೊಂಡು, ಸಿರಿಂಜಿನ ಗೆರೆಗಳನ್ನು ಮೂಗಿನ ಹತ್ತಿರಕ್ಕೆ ತಂದುಕೊಂಡು ಎಣಿಸಿ, ಹದಿನಾರು ಎಂದರು. ವಿಮಲಾ ಕ್ಯಾಲೆಂಡರಿನಲ್ಲಿ ಆ ದಿನದ ಚೌಕದೊಳಗೆ ಹದಿನಾರು ಎಂದು ಬರೆದು, ಪಕ್ಕದಲ್ಲಿ ಸಹಿ ಹಾಕಿ, ಪೆನ್ನನ್ನು ಮುದುಕಿಯ ಕೈಗೆ ಕೊಟ್ಟಳು. ಇದೇನವ್ವ ಹೊಸದು ಎಂದು ಗೊಣಗುತ್ತ ಶಿವಲಿಂಗಮ್ಮ ಗೋಡೆಗೆ ಕೈ ಕೊಟ್ಟು, ಒಂದೊಂದೇ ಅಕ್ಷರವನ್ನು ತಿದ್ದುವ ಹಾಗೆ ತಮ್ಮ ಹೆಸರು ಬರೆಯತೊಡಗಿದರು. ಹೆಸರು ಚೌಕದಲ್ಲಿ ಹಿಡಿಸದೆ ನಾಳೆಯ ಚೌಕಕ್ಕೂ ಹಬ್ಬಿತು. ಕೊನೆಯ ಮ್ಮ ಬರೆದು ಮುಗಿಯುವವರೆಗೆ ವಿಮಲಾ ಸೂಜಿಯನ್ನು ಎತ್ತಿ ಹಿಡಿದುಕೊಂಡೇ ನಿಂತಿದ್ದಳು.