ಪೂಜೆಗೆ ಬಂದ್ ಮಾಡಿದ ಕಂಪ್ಯೂಟರು

ಎದ್ದು ಹೋಗಲೇ, ಕೇಳಿಸದವನಂತೆ ಕೂತಿರಲೇ? ಸವದತ್ತಿ ಬಸ್ ನಿಲ್ದಾಣದಲ್ಲಿ ನನ್ನ ಪಕ್ಕ ಒಬ್ಬ ಸಂಶೋಧಕಿಯೂ ಕಾಲೇಜಿನ ಕಂಪ್ಯೂಟರು ನೋಡಿಕೊಳ್ಳುವವನೂ ಕೂತಿದ್ದರು.

"ಮಧು, ನಾಲ್ಕು ಊರಿನ ಕಾಲೇಜ್ ಕಂಪ್ಯೂಟರ್ ಜೋಡಿಸಿ ನನ್ನ ಪಿಎಚ್‌ಡಿ ಲೆಕ್ಕಾ ನಡಸಿದ್ರಲ್ಲ, ಹೆಂಗ ನಿಂತು?"

"ರಾಮದುರ್ಗದಾಗ ಆಯುಧ ಪೂಜಿ ಅಂತ ಎಲ್ಲಾ ಬಂದ್ ಮಾಡ್ಯಾರ್ರಿ ಮೇಡಂ. ಒಂದೂರಾಗ ನಿಂತ್ರ ಪೂರಾ ಲೆಕ್ಕಾ ನಿಲ್ಲತೈತ್ರಿ."

"ಕುಂಬಳಕಾಯಿನೂ ಒಡದ್ರೇನು ಅದರ ಮುಂದ?"

"ಒಡದಾರ್ರಿ."

"ತಿಂಗಳಗಟ್ಟಲೆ ನಡದಿದ್ದು ಹೋದ್ರ ನಾ ಏನ್ ಮಾಡ್ಲಿ?"

"ನನಗೂ ಅಂಜಿಕಿ ಬಂದೈತ್ರಿ. ಹೋಗಿ ನೋಡೂಣ್ರಿ, ಡಿಸ್ಕಿನ್ಯಾಗ ಏನರ ಉಳದಿರಬಹುದು."

"ಬಂದ್ ಮಾಡಬ್ಯಾಡ್ರಿ ಅಂತ ಅವರಿಗೆ ಮೊದಲ ಹೇಳಿದ್ರಿಲ್ಲೋ?"

ರಾಮದುರ್ಗದ ಬಸ್ಸು ಬಂತು. ಅವಳು ಓಡಿ ಹತ್ತಿದಳು. ಅವನು ತಲೆ ತಗ್ಗಿಸಿ ಹಿಂಬಾಲಿಸಿದ.