ಹನ್ನೊಂದು ವರ್ಷ ಇಳಿದಿದ್ದ ಶ್ರುತಿ

ಸನ್ಮಾನ್ಯ ಅಧ್ಯಕ್ಷರೇ, ಪೂಜ್ಯ ಸಭಾಪಾಲಕರೇ, ವೇದಿಕೆಯ ಮೇಲಿರುವ ಅತಿಥಿಗಳೇ, ಗಾಯಕವೃಂದದ ತಮ್ಮ ತಂಗಿಯರೇ, ಬೇಗ ಹೊರಡುವ ಅನುಕೂಲಕ್ಕೆಂದು ಬಾಗಿಲ ಪಕ್ಕದ ಹಿಂದಿನ ಸಾಲು ಹಿಡಿದು ಕೂತಿರುವ ಜಾಣರೇ, ಎಲ್ಲ ಸಭಿಕರೇ,

ನಲವತ್ತು ವರ್ಷ ನಮ್ಮ ಈ ಚರ್ಚಿನ ಆರ್ಗನ್ನಿನ ಶ್ರುತಿ ಕೆಡದಂತೆ ನೋಡಿಕೊಂಡವನೆಂದು ನನ್ನನ್ನು ಸನ್ಮಾನಿಸಿದ್ದೀರಿ. ಅಭಿನಂದನಾ ಪತ್ರವನ್ನು ಕಾರ್ಯದರ್ಶಿಗಳು ಎಷ್ಟು ಸೊಗಸಾಗಿ ಓದಿದರೆಂದರೆ, ಇಷ್ಟು ಒಳ್ಳೆಯ ಮನುಷ್ಯ ಯಾರಪ್ಪಾ ಎಂದು ನಾನೇ ಅತ್ತಿತ್ತ ನೋಡಿದೆ. ಸಭಾಪಾಲಕರು ಹತ್ತು ನಿಮಿಷದ ಜೊತೆಗೆ ಒಂದು ವಿಷಯವನ್ನೂ ಕೊಟ್ಟಿದ್ದಾರೆ. ದೇವರು ಮನುಷ್ಯನನ್ನು ಯಾವ ಉದ್ದೇಶಕ್ಕೆ ಉಂಟುಮಾಡಿದನು? ಕೆಟ್ಟುಹೋದ ಆ ಉದ್ದೇಶ ಮತ್ತೆ ಸರಿಯಾಗುವುದು ಹೇಗೆ? "ನಾನು ರಿಪೇರಿ ಮಾಡೋನು ಅಯ್ಯನವ್ರೇ, ಪ್ರಸಂಗ ಮಾಡೋನಲ್ಲ" ಎಂದೆ. "ಅದಕ್ಕೇ ನಿಮ್ಮನ್ನ ಕೇಳ್ತಿರೋದು" ಎಂದು ಬಾಯಿ ಮುಚ್ಚಿಸಿದರು.

ಇದನ್ನು ನೋಡಿ. ಜೇಬಿನಲ್ಲೇ ಇತ್ತು. ಎರಡು ಕವಲಿನ ಉಕ್ಕಿನ ತುಂಡು. ನಮ್ಮ ಕಸುಬಿನಲ್ಲಿ ಫೋರ್ಕ್ ಅನ್ನುತ್ತೇವೆ, ಊಟದ ಮೇಜಿನದ್ದಲ್ಲ. ಮೊಣಕಾಲಿಗೆ ತಟ್ಟಿದರೆ ಒಂದೇ ಒಂದು ಸ್ವರ ಕೊಡುತ್ತದೆ, ಯಾವಾಗಲೂ ಅದನ್ನೇ ಕೊಡುತ್ತದೆ. ಆ ಸ್ವರಕ್ಕೆ ಮೊದಲನೆಯ ರೀಡನ್ನು ಹೊಂದಿಸಬೇಕು, ಅದಕ್ಕೆ ಉಳಿದವನ್ನು ಹೊಂದಿಸುತ್ತಾ ಹೋಗಬೇಕು. ರೀಡು ಎಂದರೆ ಗಾಳಿಗೆ ಅದುರುವ ಹಿತ್ತಾಳೆಯ ನಾಲಿಗೆ. ಅದರ ತುದಿಯನ್ನು ಅರದಿಂದ ಉಜ್ಜಿದರೆ ಸ್ವರ ಏರುತ್ತದೆ, ಬುಡವನ್ನು ಉಜ್ಜಿದರೆ ಇಳಿಯುತ್ತದೆ. ನಮ್ಮ ಆರ್ಗನ್ನಿನಲ್ಲಿ ಇಂಥವು ಅರವತ್ತೊಂದು ಇವೆ.

ನನಗೊಂದು ಜಂಬವಿತ್ತು, ನಿಮಗೆಲ್ಲ ಗೊತ್ತಿರುವುದೇ. ಫೋರ್ಕ್ ತಟ್ಟುವವನು ಅರೆಬರೆ ಕಲಿತವನು, ನನಗೆ ನನ್ನ ಕಿವಿ ಸಾಕು ಎನ್ನುತ್ತಿದ್ದೆ. ನೀವೂ ಹೌದೌದು ಎನ್ನುತ್ತಿದ್ದಿರಿ. ಹೊಗಳಿಸಿಕೊಂಡ ಕಿವಿ ಬೇರೇನನ್ನು ತಾನೇ ಕೇಳಿಸಿಕೊಳ್ಳುತ್ತದೆ?

ಹನ್ನೊಂದು ವರ್ಷದ ಹಿಂದೆ, ಇದೇ ವಾರ್ಷಿಕೋತ್ಸವಕ್ಕೆ ಮುಂಚೆ, ಆರ್ಗನ್ನನ್ನು ಪೂರ್ತಿ ಬಿಚ್ಚಿ ಹೊಸದಾಗಿ ಶ್ರುತಿ ಮಾಡಿದೆ. ಮೊದಲನೆಯ ಸ್ವರವನ್ನು ಕಿವಿಯ ನೆನಪಿನಿಂದಲೇ ಹಿಡಿದೆ. ಆ ಸಲ ಹಾಡಬೇಕಾಗಿದ್ದವಳು ನನ್ನ ಮಗಳು, ಇಪ್ಪತ್ತರ ಹುಡುಗಿ. ಅಡುಗೆಮನೆಯಲ್ಲಿ ಈ ಫೋರ್ಕನ್ನು ಪಾತ್ರೆಕಟ್ಟೆಗೆ ತಟ್ಟಿ ತಟ್ಟಿ ಅಭ್ಯಾಸ ಮಾಡಿದ್ದಳು. ಮೊದಲ ಚರಣ ವಾದ್ಯವಿಲ್ಲದೆ. ಎರಡನೆಯದಕ್ಕೆ ಆರ್ಗನ್ ಕೂಡಬೇಕು, ನುಡಿಸುವವನು ನಾನೇ. ಕೂಡಿಸಿದೆ. ಕೂಡಲಿಲ್ಲ. ಅವಳ ದನಿ ಒಂದು ಕಡೆ, ಆರ್ಗನ್ ಒಂದು ಕಡೆ. ನಾನು ಕೈ ಎತ್ತಿ, ತುಂಬಿದ ಸಭೆಯಲ್ಲಿ, "ಶ್ರುತಿ ತಪ್ಪಿದ್ದೀಯ. ಇಳಿ, ಹೋಗಿ ಕೂತ್ಕೋ" ಎಂದೆ.

"ಅಪ್ಪಾ, ಒಂದ್ಸಲ ಫೋರ್ಕ್ ತಟ್ಟಿ ನೋಡಿ" ಎಂದಳು. ಅಷ್ಟೇ ಕೇಳಿದ್ದು.

"ನೀನು ನನಗೆ ಹೇಳ್ಕೊಡ್ತೀಯಾ?" ಎಂದೆ. ನೀವು ನಕ್ಕಿರಿ. ನಿಮ್ಮ ತಪ್ಪಲ್ಲ, ನಗು ಬರುವ ಹಾಗೆಯೇ ಹೇಳಿದ್ದೆ. ಫೋರ್ಕು ಇದೇ ಜೇಬಿನಲ್ಲಿತ್ತು.

ಮರುತಿಂಗಳೇ ಅವಳು ಬೇರೆ ಊರಿನ ಆಸ್ಪತ್ರೆಯಲ್ಲಿ ದಾದಿಯ ಕೆಲಸಕ್ಕೆ ಸೇರಿದಳು. ಎರಡು ಕಾಗದ ಬಂದವು. ಎರಡರ ಕೊನೆಯಲ್ಲೂ ಒಂದೇ ಸಾಲು: ತಟ್ಟಿ ನೋಡಿದಿರಾ? ನಾನು ಉತ್ತರ ಬರೆಯಲಿಲ್ಲ. "ಮಗೂಗೆ ಒಂದು ಕಾಗದ ಬರೀರಿ" ಎಂದು ಹೆಂಡತಿ ಹೇಳದ ದಿನವಿಲ್ಲ. "ಮೊದ್ಲು ಅವಳು ತಪ್ಪು ಒಪ್ಕೊಳ್ಳಲಿ" ಎಂದು ನಾನು ಅನ್ನದ ದಿನವಿಲ್ಲ. ಆಮೇಲೆ ಹೆಂಡತಿ ತೀರಿಕೊಂಡಳು. ಮಗಳು ಬಂದಳು, ಕೊನೆಯ ಸಾಲಿನಲ್ಲಿ ಕೂತಳು. ಅಮ್ಮನಿಗೆ ಪ್ರೀತಿಯ ಕೀರ್ತನೆಯನ್ನು ನೀವೆಲ್ಲ ಹಾಡಿದಿರಿ. ಆರ್ಗನ್ನಿನ ಮೇಲಿನ ಕನ್ನಡಿಯಲ್ಲಿ ಕಂಡೆ, ಅವಳು ಬಾಯಿ ತೆರೆಯಲಿಲ್ಲ. ಅಮ್ಮನನ್ನು ಮಣ್ಣು ಮಾಡಿ, ಮನೆಯೊಳಕ್ಕೂ ಬಾರದೆ ಹೊರಟುಹೋದಳು.

ಈಗ ಮನೆಯಲ್ಲಿ ನಾನು, ನಡುಕೋಣೆಯಲ್ಲಿ ರಿಪೇರಿಗೆ ಬಂದು ಯಾರೂ ವಾಪಸು ಒಯ್ಯದ ಐದು ಹಾರ್ಮೋನಿಯಂ. ಬೆಳಿಗ್ಗೆ ಎರಡು ಲೋಟ ತೊಳೆದಿಡುತ್ತೇನೆ, ಒಂದರಲ್ಲಿ ಕುಡಿಯುತ್ತೇನೆ. ಹೇಳಲು ನಾಚಿಕೆಯೇಕೆ, ಬಹಳ ಒಂಟಿಯಾಗಿದ್ದೇನೆ. ಕ್ಷಮಿಸಿ, ವಿಷಯಕ್ಕೆ ಬರುತ್ತೇನೆ.

ಹೋದ ತಿಂಗಳು ಈ ಸಮಾರಂಭಕ್ಕೆಂದು ಆರ್ಗನ್ ಬಿಚ್ಚಿದೆ. ಎರಡು ವರ್ಷದಿಂದ ನನ್ನ ಕಿವಿ ಮಂದವಾಗಿದೆ. ಯಾರಿಗೂ ಹೇಳಿರಲಿಲ್ಲ, ಕೇಳಿಸದಿದ್ದಾಗಲೆಲ್ಲ ತಲೆ ಆಡಿಸಿ ನಿಭಾಯಿಸುತ್ತಿದ್ದೆ. ಕಿವಿ ಕೈಕೊಟ್ಟ ಮೇಲೆ ಬೇರೆ ದಾರಿ ಇರಲಿಲ್ಲ. ಫೋರ್ಕ್ ತಟ್ಟಿ, ಅದರ ಹಿಡಿಯನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದೆ. ಹಾಗೆ ಮಾಡಿದರೆ ಸ್ವರ ಎಲುಬಿನ ಮೂಲಕ ಕೇಳುತ್ತದೆ. ಗಲ್ಲವನ್ನು ಆರ್ಗನ್ನಿನ ಮರಕ್ಕೆ ಒತ್ತಿ ಮೊದಲನೆಯ ಸ್ವರ ಒತ್ತಿದೆ. ಎರಡೂ ಕೂಡದೆ ತಲೆಯೊಳಗೆ ತೂಗಾಡಿದವು. ಉಳಿದವನ್ನೆಲ್ಲ ಆ ಮೊದಲನೆಯದಕ್ಕೇ ಹೊಂದಿಸಿದ್ದೆನಲ್ಲ, ಹಾಗಾಗಿ ಅರವತ್ತೊಂದೂ ಹಾಗೆಯೇ. ಎಲ್ಲವೂ ಒಂದಕ್ಕೊಂದು ಚೆನ್ನಾಗಿ ಹೊಂದಿದ್ದವು, ಎಲ್ಲವೂ ಇಳಿದಿದ್ದವು. ಹನ್ನೊಂದು ವರ್ಷ ನೀವು ಇಳಿದ ಶ್ರುತಿಯಲ್ಲಿ ಹಾಡಿದ್ದೀರಿ. ಸರಿಯಾಗಿದ್ದವಳು ಒಬ್ಬಳೇ.

ಮನುಷ್ಯನ ವಿಷಯವೂ ಇದೇ ಎಂದು ನನಗೆ ತೋರುತ್ತದೆ. ದೇವರು ನಮ್ಮನ್ನು ತನ್ನ ಸ್ವರಕ್ಕೆ ಹೊಂದಿಸಿ ಮಾಡಿದನು. ತನ್ನ ಲೋಕವನ್ನು ನೋಡಿಕೊಳ್ಳುವುದಕ್ಕೆ, ತಾನು ಕರೆದರೆ ಓಗೊಡುವುದಕ್ಕೆ. ಉದ್ದೇಶ ಅಷ್ಟೇ. ನಮಗೆ ನಮ್ಮ ಕಿವಿಯೇ ಸಾಕೆನಿಸಿತು. ನಮಗೆ ನಾವೇ ಹೊಂದಿಕೊಂಡು, ಚೆನ್ನಾಗಿದೆ ಎಂದುಕೊಂಡೆವು. ಇದನ್ನು ಆರ್ಗನ್ನಿನ ಒಳಗಿಂದಲೇ ಸರಿಮಾಡಲು ಆಗುತ್ತದೆಯೇ? ಆಗುವುದಿಲ್ಲ. ಸರಿಯಾದ ಸ್ವರ ಹೊರಗಿನಿಂದ ಬರಬೇಕು, ಹತ್ತಿರ ಬರಬೇಕು. ಮತ್ತೆ, ಫೋರ್ಕು ಪೆಟ್ಟು ತಿನ್ನದೆ ಸ್ವರ ಕೊಡುವುದಿಲ್ಲ. ಯೇಸು ಸ್ವಾಮಿ ಶಿಲುಬೆಯ ಮೇಲೆ ಪೆಟ್ಟು ತಿಂದಾಗ ಮನುಷ್ಯನ ಸರಿಯಾದ ಸ್ವರ ಯಾವುದೆಂದು ನಮಗೆ ಕೇಳಿಸಿತು ಎಂದು ನಾನು ನಂಬುತ್ತೇನೆ. ಉಳಿದದ್ದು ಅರದ ಕೆಲಸ, ಒಂದೊಂದೇ ನಾಲಿಗೆ. ಈ ತಿಂಗಳೆಲ್ಲ ಅದನ್ನೇ ಮಾಡಿದ್ದೇನೆ. ಇವತ್ತಿನ ಆರಂಭದ ಹಾಡಿನಲ್ಲಿ ನಿಮ್ಮಲ್ಲಿ ಅರ್ಧ ಜನಕ್ಕೆ ಮೇಲಿನ ಸ್ವರ ಎಟುಕದೆ ಹೋದದ್ದು ಅದಕ್ಕೇ. ಗಂಟಲನ್ನು ಬೈದುಕೊಳ್ಳಬೇಡಿ.

ಇನ್ನೊಂದು ಮಾತು. ಬೈಬಲಿನ ಆ ಮೊದಲ ತೋಟದಲ್ಲಿ ತಪ್ಪು ಮಾಡಿ ಅವಿತುಕೊಂಡ ಮೊದಲ ಮನುಷ್ಯನನ್ನು ದೇವರು ಮೊದಲು ಕೇಳಿದ್ದು ಏನು ಮಾಡಿದೆ ಎಂದಲ್ಲ, ಎಲ್ಲಿದ್ದೀಯ ಎಂದು. ತಪ್ಪೇ ಮಾಡದ ಮಗಳನ್ನು ನಾನು ಹನ್ನೊಂದು ವರ್ಷ ಹಾಗೆ ಕೇಳಲಿಲ್ಲ. ಈಗ ಹಳೆಯ ವಿಳಾಸಕ್ಕೆ ಆಮಂತ್ರಣ ಹಾಕಿ, ಕೆಳಗೆ ಬರೆದೆ: ತಟ್ಟಿ ನೋಡಿದೆ ಕಣಮ್ಮಾ, ನೀನೇ ಸರಿ. ಅದು ಅವಳಿಗೆ ತಲುಪಿತೋ ಇಲ್ಲವೋ ತಿಳಿಯದು. ಈ ದೀಪಗಳ ಬೆಳಕಿನಲ್ಲಿ ನನಗೆ ಮೂರನೆಯ ಸಾಲಿನ ಆಚೆ ಮುಖಗಳು ಕಾಣುವುದಿಲ್ಲ.

ಮುಕ್ತಾಯದ ಹಾಡು ಅವತ್ತು ಮಗಳು ಹಾಡುತ್ತಿದ್ದದ್ದೇ. ಆರ್ಗನ್ ನುಡಿಸುವುದಿಲ್ಲ, ಫೋರ್ಕ್ ತಟ್ಟಿ ಕೂತುಬಿಡುತ್ತೇನೆ. ಮೊದಲ ಚರಣಕ್ಕೆ ದಯವಿಟ್ಟು ಎಲ್ಲರೂ ಸುಮ್ಮನಿರಿ. ಹಿಂದಿನ ಸಾಲಿನಿಂದ ಯಾರಾದರೂ ಹಾಡಿದರೆ ನನಗೆ ಕೇಳಿಸದೆ ಹೋಗಬಹುದು. ಪಕ್ಕದಲ್ಲಿರುವವರು ನನ್ನ ತೋಳು ಮುಟ್ಟಿ ಹೇಳಿ. ಯಾರೂ ಹಾಡದಿದ್ದರೆ ಮುಟ್ಟಬೇಡಿ, ನಾನು ಕಾಯುತ್ತಾ ಕೂತಿರುತ್ತೇನೆ.

ಇಷ್ಟು ಹೊತ್ತು ಕಿವಿಗೊಟ್ಟ ನಿಮಗೆಲ್ಲ ನಾನು ಋಣಿ. ನಮಸ್ಕಾರ.